ರಾಜಿ ಕೇಳಿದ ಟಿಸಿ

“ದವಾಖಾನಿ ಯಾವದು ಅಂತ ಹೇಳಿದ್ರಿ. ಗಾಡಿ ಯಾರದು ಅಂತನೂ ಹೇಳಿದ್ರಿ. ಸಂಗಾಟ ಬರಾವ್ರು ಯಾರು, ಗಂಗಾ ವೈನಿ?”

ಆಶಾ ಕಾರ್ಯಕರ್ತೆ ಪ್ರಾಜಕ್ತಾ ಅಕ್ಕ ಮನೆಯ ಕಟ್ಟೆಯ ಮೇಲೆ ಕೂತು ಅವ್ವನನ್ನು ಕೇಳುತ್ತಿದ್ದರು. ಒಳಗೆ ರಾಜಿ ಗುಣಾಕಾರ ಮಾಡುತ್ತಿದ್ದಳು. ಮಾಡುತ್ತಿದ್ದಳು ಅನ್ನುವುದು ಸುಮ್ಮನೆ ಹೇಳುವ ಮಾತು. ಪುಸ್ತಕ ಮುಂದೆ ಇತ್ತು, ಪೆನ್ಸಿಲ್ ಕೈಯಲ್ಲಿತ್ತು, ಕಿವಿ ಎರಡೂ ಕಟ್ಟೆಯ ಮೇಲಿದ್ದವು.

“ನಮ್ಮವ್ವ ಬರತಾಳ್ರಿ, ತೆಲಸಂಗದಿಂದ,” ಅಂದಳು ಅವ್ವ.

ಅವ್ವನ ಹೊಟ್ಟೆ ಈಗ ಚೆನ್ನಾಗಿ ಕಾಣುತ್ತಿತ್ತು. ರಾಜಿ ಹುಟ್ಟಿ ಒಂಬತ್ತು ವರ್ಷದ ಮೇಲೆ ಈ ಮನೆಗೆ ಇನ್ನೊಂದು ಕೂಸು ಬರುವುದಿತ್ತು. ಚೊಚ್ಚಲ ಹೆರಿಗೆ ತವರಿನಲ್ಲಿ, ಎರಡನೆಯದು ಗಂಡನ ಮನೆಯಲ್ಲಿ ಎಂಬುದು ಅವರ ಕಡೆಯ ರೂಢಿ. ಅದೂ ಅಲ್ಲದೆ ರಾಜಿ ಹುಟ್ಟುವಾಗ ಅವ್ವನಿಗೆ ಆಪರೇಷನ್ ಆಗಿತ್ತು. ಈ ಸಲವೂ ದೊಡ್ಡ ದವಾಖಾನೆಯಲ್ಲೇ ಹೆರಿಗೆ ಆಗಬೇಕು, ನೋವು ಬರಲಿ ಎಂದು ಮನೆಯಲ್ಲಿ ಕಾಯುತ್ತ ಕೂರಬಾರದು ಎಂದು ಡಾಕ್ಟರ್ ಖಡಕ್ಕಾಗಿ ಹೇಳಿದ್ದರು. ಅವರ ಊರು ಅಲಖನೂರಿಗೆ ರಾಯಬಾಗ ಹತ್ತಿರ. ಅಲ್ಲಿಗೇ ಹೋಗುವುದು ಎಂದು ಮನೆಯವರೆಲ್ಲ ಒಪ್ಪಿದ್ದರು.

“ಅವ್ರು ನಿಮ್ಮ ಸಂಗಾಟ ದವಾಖಾನ್ಯಾಗ ಕುಂತ್ರ ಮನ್ಯಾಗ ಯಾರು?” ಪ್ರಾಜಕ್ತಾ ಅಕ್ಕ ಅಷ್ಟಕ್ಕೆ ಬಿಡುವವರಲ್ಲ. “ತಾರವ್ವ ಆಯಿಗೆ ಒಂದ ತಂಬಿಗಿ ನೀರ ಯಾರ ಕೊಡಾವ್ರು? ರಾಜಿಗೆ ಊಟಾ ಯಾರ ಹಾಕಾವ್ರು? ಈಗ ಮಾತಾಡ್ಕೊಳ್ರಿ. ಆ ದಿನಾ ಗಡಿಬಿಡಿ ಬ್ಯಾಡ.”

ಅವರು ಕೇಳಿದ್ದರಲ್ಲಿ ತಪ್ಪಿರಲಿಲ್ಲ. ತಾರವ್ವ ಆಯಿ ಅಂದರೆ ಅಪ್ಪನ ಅವ್ವ. ಮಳೆಗಾಲದಲ್ಲಿ ಬಚ್ಚಲಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡವಳು, ಈಗ ವಾಕರ್ ಹಿಡಿದು ಹೊಸ್ತಿಲ ತನಕ ಬರುತ್ತಿದ್ದಳು, ಅಷ್ಟೇ. ಅಪ್ಪ ಬೀರದೇವ ಕುರಿ ಕಾಯುವವನು. ಕಬ್ಬು ಕಡಿದ ಮೇಲೆ ಕಾಗವಾಡದ ಕಡೆಯ ರೈತರು ಹೊಲಕ್ಕೆ ಗೊಬ್ಬರವಾಗಲಿ ಎಂದು ಕುರಿ ಕೂಡಿಸಲು ಕರೆಯುತ್ತಾರೆ. ಒಮ್ಮೆ ಹೋದರೆ ಅಪ್ಪ ತಿಂಗಳುಗಟ್ಟಲೆ ಮನೆ ಕಡೆ ತಲೆ ಹಾಕುವುದಿಲ್ಲ. ಡಾಕ್ಟರ್ ಹೆರಿಗೆಗೆ ಹೇಳಿದ್ದ ದಿನವೂ ಅದೇ ಸುಗ್ಗಿಯಲ್ಲಿ ಬಂದು ಕೂತಿತ್ತು.

ಕಟ್ಟೆಯ ಇನ್ನೊಂದು ತುದಿಯಲ್ಲಿ ಕೂತಿದ್ದ ಅಪ್ಪ ನಡುವೆ ಬಾಯಿ ಹಾಕಿದ. “ಅವ್ವನ್ನ ಬಾಜೂ ಮನಿಯವ್ರು ನೋಡ್ತಾರ್ರಿ. ರಾಜಿನ್ನ ತೆಲಸಂಗಕ್ಕ ಬಿಟ್ಟ ಬರತೇನು. ಅಲ್ಲಿ ಅಕಿ ಮಾಮಾ ಅದಾನ, ಮಾಮಿ ಅದಾಳ. ಶಾಳಿನೂ ಮನಿ ಮುಂದ ಐತಿ.”

“ಎಷ್ಟ ದಿನಾ?”

“ಅದನ್ನ ಈಗ ಹೆಂಗ ಹೇಳೂದ್ರಿ? ಕೂಸು ಒಂದೀಟ ಗಟ್ಟಿ ಆಗೂತನಕ.”

ರಾಜಿ ಪೆನ್ಸಿಲ್ ಕೆಳಗಿಟ್ಟಳು. ಈಗ ಅವ್ವ ಬೇಡ ಅನ್ನುತ್ತಾಳೆ. ಅಪ್ಪನಿಗೆ ಬೈಯುತ್ತಾಳೆ. ನನ್ನ ಮಗಳನ್ನು ಬಿಟ್ಟು ನಾನಿರುವುದಿಲ್ಲ ಅನ್ನುತ್ತಾಳೆ.

ಅವ್ವ ಏನೂ ಅನ್ನಲಿಲ್ಲ. ಎದ್ದು ಪ್ರಾಜಕ್ತಾ ಅಕ್ಕನಿಗೆ ಚಹಾ ಮಾಡಲು ಒಳಗೆ ಬಂದಳು. ರಾಜಿಯ ಮುಖ ನೋಡದೆ ಸಕ್ಕರೆ ಡಬ್ಬಿ ಹುಡುಕಿದಳು. ಡಬ್ಬಿ ಕಣ್ಣೆದುರಿಗೇ ಇತ್ತು.

ಕುರಿ ಮನೆಯಲ್ಲಿ ಬೆಳೆದ ಹುಡುಗಿಗೆ ಇದೆಲ್ಲ ಏನೆಂದು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಅವರ ಹಿಂಡಿನಲ್ಲಿ ಕೆಂಚಿ ಎಂಬ ಕುರಿ ಇತ್ತು. ಅದು ಮತ್ತೆ ಈಯುವ ಹೊತ್ತು ಹತ್ತಿರ ಬಂದಾಗ ಅಪ್ಪ ಅದರ ಮೊದಲಿನ ಮರಿಯನ್ನು ಬಿಡಿಸಿ, ದೊಡ್ಡಪ್ಪ ಅಮೋಘಸಿದ್ದನ ಹಿಂಡಿಗೆ ಸೇರಿಸಿದ್ದ. ಇಲ್ಲದಿದ್ದರೆ ದೊಡ್ಡ ಮರಿಯೇ ಹಾಲೆಲ್ಲ ಕುಡಿದು ಹೊಸ ಮರಿಗೆ ಏನೂ ಉಳಿಸುವುದಿಲ್ಲ. ಕುರಿಗಾರರೆಲ್ಲ ಮಾಡುವುದು ಹಾಗೆಯೇ.

ಆವತ್ತು ಮರಿ ಒದರಿದ್ದೇ ಒದರಿದ್ದು. ಅದರ ಹಗ್ಗ ಹಿಡಿದುಕೊಂಡು ಹೋದವಳು ರಾಜಿಯೇ.

“ಒಂದ ಎಂಟ ದಿನಾ ಒದರತಾವು. ಆಮ್ಯಾಲ ಮರೀತಾವು,” ಅಂದಿದ್ದ ಅಪ್ಪ.

ಅವನ ಮಾತು ಖರೆಯಾಯಿತು. ದೀಪಾವಳಿಗೆ ಎರಡೂ ಹಿಂಡು ಒಂದೆಡೆ ಕೂಡಿದಾಗ ಮರಿ ಕೆಂಚಿಯ ಪಕ್ಕದಲ್ಲೇ ನಿಂತಿತ್ತು. ಕೆಂಚಿ ಅದನ್ನು ಮೂಸಿತು. ಆಮೇಲೆ ಹಣೆಯಿಂದ ಗುದ್ದಿ ಆಚೆ ತಳ್ಳಿತು. ಕೆಂಚಿಯ ಹೊಟ್ಟೆಯ ಕೆಳಗೆ ಹೊಸ ಮರಿ ಬಾಲ ಅಲ್ಲಾಡಿಸುತ್ತ ಹಾಲು ಕುಡಿಯುತ್ತಿತ್ತು.

ರಾಜಿಗೆ ಅದೆಲ್ಲ ನೆನಪಾಗಿ ಅಳು ಬಂತು. ಆದರೆ ರಾಜಿ ಬಲು ಬಿಗುಮಾನದ ಹುಡುಗಿ. ಬಂದದ್ದು ಅಳುವಲ್ಲ, ಸಿಟ್ಟು ಎಂದು ತನಗೆ ತಾನೇ ಹೇಳಿಕೊಂಡಳು. ಬಿಟ್ಟು ಬರುವವರು ಬಿಟ್ಟು ಬರಲಿ. ಯಾರೋ ಎಳೆದುಕೊಂಡು ಹೋಗುವ ತನಕ ತಾನು ಕಾಯುವುದಿಲ್ಲ. ತಾನೇ ಹೋಗುತ್ತೇನೆ!

ಮರುದಿನ ಶಾಲೆಯಲ್ಲಿ ಅವಳು ಮಾಡಿದ ಮೊದಲ ಕೆಲಸ, ಹಾಲಿನ ಮಾನಿಟರ್ ಪದವಿಯನ್ನು ಸಾನಿಕಾಗೆ ಕೊಟ್ಟದ್ದು. ಬೆಳಗಿನ ಹಾಲು ಹಂಚುವಾಗ ಲೋಟ ಎಣಿಸುವವಳು, ಸಾಲು ಮುರಿದವರನ್ನು ಹಿಂದಕ್ಕೆ ಕಳಿಸುವವಳು ಮಾನಿಟರ್. ನಾಲ್ಕನೇ ಕ್ಲಾಸಿನಲ್ಲಿ ಅದಕ್ಕಿಂತ ದೊಡ್ಡ ಅಧಿಕಾರ ಬೇರೆ ಇಲ್ಲ.

“ಖರೇನ ಕೊಡಾಕತ್ತೀ?” ಸಾನಿಕಾಗೆ ನಂಬಿಕೆಯೇ ಬರಲಿಲ್ಲ.

“ತಗೋ ಅಂದ್ರ ತಗೋ ಬೇ. ನಾ ಈ ಶಾಳಿ ಬಿಡಾಕತ್ತೇನಿ.”

“ಯಾಕ?”

“ನಮ್ಮ ಮನ್ಯಾಗ ಕೂಸು ಬರೂದೈತಿ.”

“ನಮ್ಮ ಮನ್ಯಾಗೂ ತಮ್ಮ ಹುಟ್ಯಾನ. ನಾ ಏನ ಶಾಳಿ ಬಿಟ್ಟೇನೇನ?”

“ನಿಮ್ಮದು ಕುರಿ ಮನಿ ಅಲ್ಲ. ನಿನಗ ತಿಳಿಯೂದಿಲ್ಲ,” ಅಂದಳು ರಾಜಿ. ಸಾನಿಕಾಗೆ ನಿಜವಾಗಿಯೂ ತಿಳಿಯಲಿಲ್ಲ. ಹೇಗೂ ಮಾನಿಟರ್ ಆಗಿದ್ದಳಲ್ಲ, ಹೆಚ್ಚು ಕೇಳಲು ಹೋಗಲಿಲ್ಲ.

ಊಟದ ಬಿಡುವಿನಲ್ಲಿ ರಾಜಿ ನೆಟ್ಟಗೆ ಹೆಡ್‌ಮಾಸ್ತರ್ ಜ್ಞಾನದೇವ ಸರ್ ಕೋಣೆಗೆ ಹೋದಳು. ಸರ್ ಡಬ್ಬಿ ಬಿಚ್ಚಿ ಮೊದಲ ತುತ್ತು ಬಾಯಿಗೆ ಇಡುವುದರಲ್ಲಿದ್ದರು.

“ಸರ್, ನನ್ನ ಟಿಸಿ ಕೊಡ್ರಿ.”

ಸರ್ ತುತ್ತನ್ನು ಡಬ್ಬಿಗೇ ಇಳಿಸಿದರು. ಅವರ ನೌಕರಿಯಲ್ಲಿ ಟಿಸಿ ಕೇಳಿ ಬಂದವರು ಬೇಕಾದಷ್ಟು ಮಂದಿ. ಆದರೆ ಎರಡು ಜಡೆ ಹಾಕಿಕೊಂಡು, ಕೈ ಕಟ್ಟಿಕೊಂಡು, ತನ್ನ ಟಿಸಿ ತಾನೇ ಕೇಳಿದವರು ಯಾರೂ ಇರಲಿಲ್ಲ.

“ಏನವಾ ರಾಜೇಶ್ವರಿ, ನಮ್ಮ ಶಾಳಿ ನಿನಗೇನ ಅನ್ಯಾಯ ಮಾಡೇತಿ?”

“ಏನೂ ಇಲ್ರಿ ಸರ್. ಶಾಳಿ ಚಲೋ ಐತ್ರಿ.”

“ಮತ್ತ?”

ರಾಜಿಗೆ ಅಳು ಬಂದೇಬಿಟ್ಟಿತು. ಬಿಗುಮಾನ ಎಷ್ಟು ಹೊತ್ತೆಂದು ನಿಂತೀತು? ಸರ್ ಡಬ್ಬಿಯಲ್ಲಿದ್ದ ಶೇಂಗಾ ಹೋಳಿಗೆಯ ಅರ್ಧ ಮುರಿದು ಅವಳ ಕೈಗಿಟ್ಟು, ಫೋನ್ ತೆಗೆದು ಬೀರದೇವನಿಗೆ ಹಚ್ಚಿದರು.

ಶಾಲೆಯಿಂದ ಫೋನ್ ಬಂದರೆ ಯಾವ ಅಪ್ಪನಿಗೆ ಎದೆ ಹಾರುವುದಿಲ್ಲ? ಬೀರದೇವ ಕುರಿಗಳನ್ನು ಪಕ್ಕದ ಹೊಲದವನಿಗೆ ಒಪ್ಪಿಸಿ, ಹೆಗಲ ಮೇಲಿನ ಕಂಬಳಿ ತೆಗೆಯುವುದನ್ನೂ ಮರೆತು ಬೈಕ್ ಮೇಲೆ ಬಂದ. ಸರ್ ಹೇಳಿದ್ದನ್ನು ಕೇಳಿ ಬಾಯಿ ತೆರೆದು ನಿಂತ. ಮಗಳನ್ನು ನೋಡಿದ, ಸರ್ ಅನ್ನು ನೋಡಿದ, ಮತ್ತೆ ಮಗಳನ್ನು ನೋಡಿದ.

“ಇಕಿನ್ನ ಇವತ್ತ ಮನಿಗೆ ಕರ್ಕೊಂಡ ಹೋಗಪಾ,” ಅಂದರು ಸರ್. “ಟಿಸಿ ಎಲ್ಲಿಗೂ ಓಡಿ ಹೋಗೂದಿಲ್ಲ. ಮೊದ್ಲ ಮಾತಾಡ್ರಿ.”

ಬೈಕ್ ಮೇಲೆ ಅಪ್ಪ ಒಂದೇ ಒಂದು ಮಾತು ಕೇಳಿದ. “ಶಾಳಿ ಬಿಡೂದೈತಿ ಅಂತ ಯಾರ ಹೇಳಿದ್ರ ನಿನಗ?”

“ನೀನ ಹೇಳಿದಿ. ನಿನ್ನೆ. ಕಟ್ಟಿ ಮ್ಯಾಲ ಕುಂತು.”

ಆಮೇಲೆ ಮನೆ ಬರುವ ತನಕ ಬೈಕ್ ಬಹಳ ನಿಧಾನವಾಗಿ ಹೋಯಿತು.

ಅವ್ವ ಜೋಳ ಹಸನು ಮಾಡುತ್ತ ಕೂತಿದ್ದಳು. ಸುದ್ದಿ ಕೇಳಿದೊಡನೆ ಮೊರ ಪಕ್ಕಕ್ಕೆ ಸರಿಸಿದಳು.

“ಟಿಸಿ ಯಾಕ ಬೇಕಾಗಿತ್ತ ನಿನಗ? ಯಾರಿಗೆ ಹೇಳಿ ಕೇಳಾಕ ಹೋಗಿದ್ದಿ?”

“ಹೆಂಗೂ ಬಿಟ್ಟ ಬರಾವ್ರ ಅದೀರಿ!” ಅಲ್ಲಿಯವರೆಗೆ ತಡೆದುಕೊಂಡದ್ದೆಲ್ಲ ಒಮ್ಮೆಲೇ ಹೊರಗೆ ಬಂತು. “ಕೆಂಚಿ ಮರೀನ್ನ ಬಿಟ್ಟ ಬಂದಂಗ. ಹೊಸಾ ಕೂಸು ಬಂದಮ್ಯಾಲ ನಿನಗ ನನ್ನ ಗುರ್ತ ಸೈತ ಉಳಿಯೂದಿಲ್ಲ. ಕೆಂಚಿಗೆ ಉಳೀತೇನ? ಗುದ್ದಿ ಕಳಿಸ್ತಲ್ಲ!”

ತಾರವ್ವ ಆಯಿ ವಾಕರ್ ಹಿಡಿದಲ್ಲೇ ನಿಂತಳು.

ಅವ್ವ ನಕ್ಕುಬಿಟ್ಟಳು. ನಗುತ್ತ ನಗುತ್ತ ಅವಳ ಕಣ್ಣಲ್ಲಿ ನೀರು ಬಂತು. ರಾಜಿಯನ್ನು ಎಳೆದು ಹತ್ತಿರ ಕೂಡಿಸಿಕೊಂಡಳು. ಹೊಟ್ಟೆ ಅಡ್ಡ ಬಂದದ್ದರಿಂದ ಪೂರ್ತಿ ತಬ್ಬಿಕೊಳ್ಳಲು ಆಗಲಿಲ್ಲ.

“ನಾ ಏನ ಕುರಿ ಅದೀನೇನ ಹುಚ್ಚಿ? ನಿನ್ನೆ ರಾತ್ರಿ ನನಗ ಕಣ್ಣಿಗೆ ಕಣ್ಣ ಹತ್ತಿಲ್ಲ. ಇಕಿನ್ನ ಬಿಟ್ಟ ನಾ ಹೆಂಗ ಇರಲಿ ಅಂತ.”

“ಮತ್ತ ಬ್ಯಾಡ ಅಂತ ಯಾಕ ಅನ್ಲಿಲ್ಲ?”

ಅವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು. “ಅನ್ನಾಕ ಬಾಯಿ ಬರ್ಲಿಲ್ಲ. ಅಂಜಿಕಿ ಬಂದಿತ್ತು. ನಾ ದವಾಖಾನ್ಯಾಗ ಬಿದ್ದಾಗ ನೀ ಉಪಾಸ ಕುಂತ್ರ ಹೆಂಗ, ಆಯಿ ಮತ್ತ ಜಾರಿದ್ರ ಹೆಂಗ? ಬ್ಯಾಡ ಅಂದ್ರ ಬ್ಯಾರೆ ದಾರಿ ಹೇಳಬೇಕಲ್ಲ. ನನಗ ದಾರಿ ಗೊತ್ತಿರಲಿಲ್ಲ.”

ಅವ್ವನಿಗೂ ಅಂಜಿಕೆ ಆಗುತ್ತದೆ ಎಂಬುದು ರಾಜಿಗೆ ಹೊಸ ಸುದ್ದಿ. ಹಾವು ಕಂಡರೆ ಕೋಲು ತಗೊಂಡು ಓಡುವ ಅವ್ವ! ರಾಜಿಯ ಸಿಟ್ಟು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ.

ಅಪ್ಪ ಬಾಗಿಲಲ್ಲಿ ಕುಕ್ಕರಗಾಲಲ್ಲಿ ಕೂತು ತಲೆ ಕೆರೆದುಕೊಂಡ. “ಕಳಸೂದ ಬ್ಯಾಡ ಅನ್ನೂಣು. ಆದ್ರ ಅಡಚಣಿ ಹಂಗ ಉಳೀತಲ್ಲ. ಇಷ್ಟ ಮಂದಿಗೆ ರೊಟ್ಟಿ ಯಾರ ಬಡೀತಾರ?”

“ನೀನ,” ಅಂದಳು ರಾಜಿ.

“ನಾನ?”

“ಹಟ್ಟ್ಯಾಗ ಬಡೀತೀ ಅಲ್ಲ? ಶಾಳಿ ಸೂಟಿಗೆ ಬಂದಾಗ ನಾ ಉಂಡೇನಿ. ಬದನಿಕಾಯಿ ಪಲ್ಲೆ ಅವ್ವನಕಿಂತ ಚಲೋ ಮಾಡಿದ್ದಿ.”

ಅಪ್ಪನ ಬಾಯಿ ಎರಡನೆಯ ಸಲ ತೆರೆದುಕೊಂಡಿತು. ಮಾತು ಸುಳ್ಳಾಗಿರಲಿಲ್ಲ. ಕುರಿ ಹಟ್ಟಿಯಲ್ಲಿ ಗಂಡಸರೇ ಮೂರು ಕಲ್ಲು ಹೂಡಿ, ಹಿಟ್ಟು ನಾದಿ, ರೊಟ್ಟಿ ಬಡಿಯುತ್ತಾರೆ. ಅಪ್ಪನೂ ಹುಡುಗನಾಗಿದ್ದಾಗಿಂದ ಮಾಡುತ್ತ ಬಂದಿದ್ದಾನೆ. ಆದರೆ ಮನೆಯ ಹೊಸ್ತಿಲು ದಾಟಿದನೆಂದರೆ ಮುಗಿಯಿತು, ನೀರು ಸಹ ಕೂತಲ್ಲಿಗೇ ಬರಬೇಕು. ಅವನು ಮನೆಯಲ್ಲಿ ರೊಟ್ಟಿ ಬಡಿಯಬಹುದು ಎಂದು ಅವನಿಗಾಗಲಿ, ಅವ್ವನಿಗಾಗಲಿ, ಆಯಿಗಾಗಲಿ ಇಷ್ಟು ವರ್ಷದಲ್ಲಿ ಒಮ್ಮೆಯೂ ಹೊಳೆದಿರಲಿಲ್ಲ.

ಮೊದಲು ನಕ್ಕವಳು ತಾರವ್ವ ಆಯಿ. ನಕ್ಕ ರಭಸಕ್ಕೆ ವಾಕರ್ ಕೂಡ ಅಲುಗಿತು. “ನೋಡಲೇ ಬೀರ್ಯಾ, ಹೊಲದಾಗ ಬಡ್ಯಾಕ ಬರೂ ರೊಟ್ಟಿ ಮನ್ಯಾಗ ಬಡ್ಯಾಕ ಬರೂದಿಲ್ಲೇನ? ಇಲ್ಲಿ ಒಲಿಗೆ ಗ್ಯಾಸ್ ಸೈತ ಐತಿ!”

“ಬರತೈತಿ ಬೇ. ಆದ್ರ ಕುರಿ?”

“ಕುರಿ ಅಮೋಘಸಿದ್ದ ನೋಡ್ಲಿ. ಅವನ ಹೆಂತಿ ಬಾಣಂತಿ ಆದಾಗ ಅವನ ಹಿಂಡು ನೀ ಕಾಯ್ದಿಲ್ಲೇನ? ಈಗ ಅವನ ಪಾಳಿ.”

ಆಯಿ ಅಷ್ಟಕ್ಕೇ ನಿಲ್ಲಿಸಲಿಲ್ಲ. ಬೀಗರ ಮನೆಯಲ್ಲಿ ಬಹಳ ದಿನ ಕೂತು ಉಣ್ಣುವುದು ಹೇಗೆ ಎಂದು ಸಂಕೋಚ ಮಾಡಿಕೊಳ್ಳುತ್ತಿದ್ದ ತೆಲಸಂಗದ ಬೀಗತಿಗೆ ತಾನೇ ಫೋನ್ ಹಚ್ಚಿಸಿದಳು. “ನೋಡ್ರಿ, ಬಾಣಂತನ ಮುಗಿಸೇ ಹೋಗಬೇಕು. ಕೂಸಿಗೆ ಎಣ್ಣಿ ತಿಕ್ಕಾಕ ನನಗ ಬಗ್ಗಾಕ ಬರೂದಿಲ್ಲ. ಬಾಣಂತಿಗೆ ಅಂಟಿನ ಉಂಡಿ ಕಟ್ಟೂಣು, ಕುಂತು ಮಾತಾಡೂಣು,” ಎಂದು ಗಟ್ಟಿಯಾಗಿ ಕೂಗಿ ಹೇಳಿದಳು.

ಸಂಜೆಗೆ ಪ್ರಾಜಕ್ತಾ ಅಕ್ಕ ಮತ್ತೆ ಬಂದು ಕಟ್ಟೆಯ ಮೇಲೆ ಕೂತಾಗ ರಾಜಿಯೂ ಅಲ್ಲೇ ಇದ್ದಳು. ಈ ಸಲ ಅವಳನ್ನು ಒಳಗೆ ಕೂಡಿಸಿ ಮಾತಾಡಲಿಲ್ಲ. ಆಯಿಗೆ ಬೆಳಿಗ್ಗೆ ಗುಳಿಗೆ ನೀರು ಕೊಡುವುದು, ಶಾಲೆಯಿಂದ ಬಂದು ವಾಕರ್ ಹಿಡಿದು ನಡೆಸುವುದು ರಾಜಿಯ ಪಾಲಿಗೆ ಬಂತು. ಅಡುಗೆ ಅಪ್ಪನದು.

“ಮತ್ತ ನೀ ಏನಂತೀ, ರಾಜಿ?” ಪ್ರಾಜಕ್ತಾ ಅಕ್ಕ ಕೇಳಿದರು. “ನಿನಗೇನರೆ ಹೇಳೂದೈತೇನ?”

“ಕೂಸು ಹುಟ್ಟಿದ ಮ್ಯಾಲ ನನ್ನ ದವಾಖಾನಿಗೆ ಕರ್ಕೊಂಡ ಹೋಗಬೇಕ್ರಿ. ಮನಿಗೆ ಬರೂತನಕ ನಾ ಕಾಯೂದಿಲ್ಲ.”

“ಪಕ್ಕಾ,” ಅಂದಳು ಅವ್ವ.

ಹಾಲಿನ ಮಾನಿಟರ್ ಪದವಿ ಮಾತ್ರ ಹಿಂದಕ್ಕೆ ಬರಲಿಲ್ಲ. ಕೊಟ್ಟದ್ದನ್ನು ಕೇಳಬಾರದು ಎಂದು ಸಾನಿಕಾ ಖಡಾಖಂಡಿತವಾಗಿ ಹೇಳಿದಳು. ಜಗಳವಾಗಿ, ಮಾತು ಬಿಟ್ಟು, ಕೊನೆಗೆ ಒಂದು ದಿನ ಅವಳು, ಒಂದು ದಿನ ಇವಳು ಎಂದು ರಾಜಿಯಾದರು.

ಡಾಕ್ಟರ್ ಹೇಳಿದ್ದ ದಿನ ಬಂತು. ಗಡಿಬಿಡಿ ಏನೂ ಆಗಲಿಲ್ಲ. ನಾಮದೇವ ಕಾಕಾನ ಟಮ್‌ಟಮ್ ಹೇಳಿದ ಹೊತ್ತಿಗೆ ಬಾಗಿಲಿಗೆ ಬಂತು. ಬಟ್ಟೆಯ ಚೀಲ ಮೊದಲೇ ಕಟ್ಟಿತ್ತು. ತೆಲಸಂಗದ ಆಯಿ ಎರಡು ದಿನ ಮೊದಲೇ ಬಂದಿದ್ದಳು. ಅವ್ವ ಹತ್ತುವಾಗ ರಾಜಿಯ ಗಲ್ಲ ಹಿಡಿದು, “ಉಂಡ ಶಾಳಿಗೆ ಹೋಗ,” ಅಂದಳು. ಅವಳ ಕೈ ತಣ್ಣಗಿತ್ತು. ಅಪ್ಪ ದವಾಖಾನೆಯ ತನಕ ಹೋಗಿ, ಸಂಜೆ ಅಡುಗೆಗೆ ಹೊರಳಿ ಬಂದ. ಹಟ್ಟಿಯ ರೂಢಿ ಬಿಡಲಾಗದೆ ಹತ್ತು ಮಂದಿಗೆ ಆಗುವಷ್ಟು ಪಲ್ಲೆ ಮಾಡಿಟ್ಟ. ಬಾಜೂ ಮನೆಯವರೂ ಅದನ್ನೇ ಉಂಡರು.

ಹೆಣ್ಣು ಕೂಸು, ಇಬ್ಬರೂ ಆರಾಮ ಎಂದು ಫೋನ್ ಬಂದಾಗ ತಾರವ್ವ ಆಯಿ ಕೂತಲ್ಲೇ ಎರಡೂ ಕೈ ಎತ್ತಿ ಮನೆದೇವರಾದ ಬೀರದೇವರಿಗೆ ನಮಸ್ಕಾರ ಮಾಡಿದಳು. ಅಪ್ಪ ಒಲೆ ಆರಿಸಿ, ಬೆನ್ನು ತಿರುಗಿಸಿ, ಕಂಬಳಿಯ ತುದಿಯಿಂದ ಕಣ್ಣು ಒರೆಸಿಕೊಂಡ.

ಮರುದಿನ ಶಾಲೆ ಬಿಟ್ಟ ಮೇಲೆ ಅಪ್ಪ ರಾಜಿಯನ್ನು ರಾಯಬಾಗಕ್ಕೆ ಕರೆದುಕೊಂಡು ಹೋದ. ದಾರಿಯುದ್ದಕ್ಕೂ ಹರಟುತ್ತ ಬಂದ ರಾಜಿ ವಾರ್ಡಿನ ಬಾಗಿಲಲ್ಲಿ ಗಪ್ಪಾದಳು. ಒಳಗೆ ಮಾಮಾ, ಮಾಮಿ, ತೆಲಸಂಗದ ಆಯಿ ಎಲ್ಲರೂ ಮಂಚದ ಸುತ್ತ ನಿಂತಿದ್ದರು. ಎಲ್ಲರೂ ಕೂಸನ್ನೇ ನೋಡುತ್ತಿದ್ದರು. ಅಯ್ಯ ನೋಡ್ರಿ ಕೂದಲಾ, ನೋಡ್ರಿ ಮೂಗು ಎನ್ನುತ್ತಿದ್ದರು. ಅವ್ವ ಕಾಣಿಸಲೇ ಇಲ್ಲ. ರಾಜಿ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಅಂದು ಅವ್ವ ಹೇಳಿದ್ದೆಲ್ಲ ಅಂದಿನ ಮಾತು. ಆಗ ಕೂಸು ಇನ್ನೂ ಬಂದಿರಲಿಲ್ಲ.

ಹಿಂದಿನಿಂದ ಟ್ರೇ ಹಿಡಿದು ಬಂದ ಸಿಸ್ಟರ್ ನಿಂತರು. “ಯಾರವಾ ನೀ? ಯಾರ ಕಡೆಯಾಕಿ?”

“ರಾಜಿ ರೀ.”

“ಅಯ್ಯ, ರಾಜಿ ಅಂದ್ರ ನೀನ ಏನ!” ಸಿಸ್ಟರ್ ಜೋರಾಗಿ ನಕ್ಕರು. “ನಿನ್ನೆ ಎಚ್ಚರ ಬಂದಾಗಿಂದ ನಿಮ್ಮವ್ವಂದು ಒಂದ ಜಪಾ. ರಾಜಿ ಉಂಡಳೇನ, ರಾಜಿ ಬಂದಳೇನ. ನಾವು ಕೂಸಿಗೆ ಆಗಲೇ ಹೆಸರ ಇಟ್ಟ ಬಿಟ್ಟಾರ ಅಂದ್ಕೊಂಡ್ವಿ.”

ಮಂಚದ ಸುತ್ತ ನಿಂತವರು ತಿರುಗಿ ನೋಡಿದರು, ಅತ್ತ ಇತ್ತ ಸರಿದರು. ಆಗ ಅವ್ವ ಕಂಡಳು. ಮುಖ ಬಾಡಿತ್ತು, ಕೂದಲು ಕೆದರಿತ್ತು. ಅವಳು ಕೂಸಿನ ಕಡೆ ನೋಡುತ್ತಿರಲಿಲ್ಲ. ಕುತ್ತಿಗೆ ಎತ್ತಿ ಬಾಗಿಲ ಕಡೆಗೇ ನೋಡುತ್ತಿದ್ದಳು.

“ಬಂದಿ? ಉಂಡಿಯೇನ?”

ರಾಜಿ ಹೌದೆಂದು ತಲೆ ಹಾಕಿದಳು.

ಅವ್ವ ಹಲ್ಲು ಕಚ್ಚಿ, ನೋವು ತಡೆದುಕೊಂಡು, ಒಂದು ಗೇಣು ಆಚೆ ಸರಿದಳು. ಸರೀಬ್ಯಾಡ, ಸರೀಬ್ಯಾಡ ಎಂದು ತೆಲಸಂಗದ ಆಯಿ ಕೂಗಿದರೂ ಕೇಳಲಿಲ್ಲ. ಅವಳ ಒಂದು ಮಗ್ಗುಲಲ್ಲಿ ಕೆಂಪು ಮುಖದ ತಂಗಿ ಬಟ್ಟೆ ಸುತ್ತಿಕೊಂಡು ನಿದ್ದೆ ಮಾಡುತ್ತಿತ್ತು. ಇನ್ನೊಂದು ಮಗ್ಗುಲಲ್ಲಿ ಒಬ್ಬಳು ಹುಡುಗಿ ಕೂರುವಷ್ಟು ಜಾಗ ಇತ್ತು.

ರಾಜಿ ಚಪ್ಪಲಿ ಬಿಟ್ಟಳು. ಯಾರನ್ನೂ ಕೇಳದೆ ಹೋಗಿ ಅಲ್ಲಿ ಕೂತಳು.